ಸಂಘದ ಜಾಲತಾಣಕ್ಕೆ ಯಾವ ಮನೆ? ಹೋಸ್ಟಿಂಗ್ ವಿಧಗಳ ಬಗ್ಗೆ ಒಂದು ಅಭ್ಯಾಸ ಲೇಖನ



ಈಗ ಯಾವ ಕಚೇರಿಯ ಕಿಟಕಿಯ ಮುಂದೆ ನಿಂತರೂ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಒಂದಲ್ಲ ಒಂದು ದಿನ ಕಿವಿಗೆ ಬೀಳದೆ ಇರದು. ಪಹಣಿಗೆ ಹೋದವರಿಗೂ, ಪಡಿತರಕ್ಕೆ ಹೆಬ್ಬೆಟ್ಟು ಒತ್ತಲು ಹೋದವರಿಗೂ ಇದು ಎಷ್ಟು ಅಭ್ಯಾಸವಾಗಿದೆಯೆಂದರೆ, ಮಳೆ ಇಲ್ಲ, ಕರೆಂಟ್ ಇಲ್ಲ ಎಂಬ ಮಾತುಗಳ ಸಾಲಿಗೆ ಇದೂ ಸೇರಿಹೋಗಿದೆ. ಆದರೆ ಆ ಸರ್ವರ್ ಎಂಬುದು ಎಲ್ಲಿದೆ, ಯಾರದು, ಅದಕ್ಕೆ ಬಾಡಿಗೆ ಕಟ್ಟುವವರು ಯಾರು ಎಂದು ಕೇಳುವವರು ಕಡಿಮೆ.

ನಮ್ಮಂಥ ಬೆಳೆಗಾರರ ಸಂಘಗಳು ಸ್ವಂತ ಜಾಲತಾಣ ಮಾಡಿಸಿಕೊಳ್ಳುವ ಕಾಲ ಬಂದಿರುವುದರಿಂದ ಈ ಪ್ರಶ್ನೆಗಳನ್ನು ನಾವೇ ಕೇಳಬೇಕಾಗಿದೆ. ದರಪಟ್ಟಿ ತರುವವರು ಷೇರ್ಡ್, ವಿ.ಪಿ.ಎಸ್., ಡೆಡಿಕೇಟೆಡ್, ಕ್ಲೌಡ್ ಎಂದು ನಾಲ್ಕು ಹೆಸರು ಹೇಳುತ್ತಾರೆ. ಆಡಳಿತ ಮಂಡಳಿಯಲ್ಲಿ ಅರ್ಧ ಜನ ಅಗ್ಗದ್ದು ಸಾಕು ಎನ್ನುತ್ತಾರೆ, ಉಳಿದವರು ದುಬಾರಿಯದ್ದೇ ಭದ್ರ ಎನ್ನುತ್ತಾರೆ. ಎರಡೂ ಅಂದಾಜಿನ ಮಾತು. ಹಣವಂತೂ ಸದಸ್ಯರದು. ಹಣಕ್ಕಿಂತ ಹೆಚ್ಚಾಗಿ, ಹತ್ತಾರು ವರ್ಷಗಳ ಸುತ್ತೋಲೆಗಳು, ದರಪಟ್ಟಿಗಳು, ವಾರ್ಷಿಕ ವರದಿಗಳು ಒಂದು ದಿನ ಬೆಳಗಾಗುವುದರೊಳಗೆ ಇಲ್ಲವಾಗುವ ಸಾಧ್ಯತೆಯೂ ಈ ಆಯ್ಕೆಯಲ್ಲಿ ಅಡಗಿದೆ. ಆದ್ದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡುವುದು ಒಳಿತು.

ಮೊದಲು ಮೂರು ವಸ್ತುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಜಾಲತಾಣದ ಹೆಸರು ಒಂದು. ಅದನ್ನು ಡೊಮೈನ್ ಎನ್ನುತ್ತಾರೆ. ಪುಟಗಳನ್ನು ಇಟ್ಟುಕೊಂಡು, ಹಗಲೂ ರಾತ್ರಿ ಚಾಲೂ ಇದ್ದು, ಕೇಳಿದವರಿಗೆ ಕಳುಹಿಸಿಕೊಡುವ ಯಂತ್ರದಲ್ಲಿನ ಜಾಗ ಇನ್ನೊಂದು; ಇದೇ ಹೋಸ್ಟಿಂಗ್. ಪುಟಗಳನ್ನು ಸಿದ್ಧಪಡಿಸಿಕೊಡುವ ಕೆಲಸ ಮೂರನೆಯದು. ಮನೆಗೆ ಹೋಲಿಸುವುದಾದರೆ ಹೆಸರು ಎಂಬುದು ವಿಳಾಸ, ಹೋಸ್ಟಿಂಗ್ ಎಂಬುದು ಕಟ್ಟಡ, ಪುಟ ಮಾಡುವವರು ಬಡಗಿ ಮತ್ತು ಬಣ್ಣದವರು. ಈ ಮೂವರಿಗೂ ಸೇರಿಸಿ ಒಂದೇ ಬಿಲ್ಲು ಬರೆದುಕೊಡುವವರು ಬಹಳ. ಅನುಕೂಲವೇನೋ ಹೌದು. ಆದರೆ ಬಿಲ್ಲು ಒಂದೇ ಆದರೂ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳುವುದು ಕ್ಷೇಮ.

ಸ್ವಂತ ಯಂತ್ರ ಏಕೆ ಬೇಡ?

"ಬಾಡಿಗೆ ಏಕೆ? ಒಂದು ಕಂಪ್ಯೂಟರ್ ಕೊಂಡು ಸಂಘದ ಕಚೇರಿಯಲ್ಲೇ ಇಡೋಣ" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಸ್ವಂತ ಬಾವಿ ಇದ್ದವನಿಗೆ ಊರ ನಲ್ಲಿಯ ಹಂಗಿಲ್ಲವಷ್ಟೆ.

ಲೆಕ್ಕ ಹಾಕಿ ನೋಡೋಣ. ಸಾಧಾರಣ ಸರ್ವರ್ ಯಂತ್ರವೊಂದು 200 ವಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ 24 ಗಂಟೆಯಂತೆ ವರ್ಷಕ್ಕೆ 1,752 ಯೂನಿಟ್ ಆಯಿತು. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 14,000 ರೂಪಾಯಿ ವಿದ್ಯುತ್ತಿಗೇ ಹೋಗುತ್ತದೆ. ಯು.ಪಿ.ಎಸ್., ಅದರ ಬ್ಯಾಟರಿ, ಬೇಸಿಗೆಯಲ್ಲಿ ಕೋಣೆ ತಂಪಾಗಿಡುವ ಖರ್ಚು ಬೇರೆ. ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಮನೆಗಳಿಗೆ ಬರುವ ಸಾಮಾನ್ಯ ಇಂಟರ್ನೆಟ್ ಸಂಪರ್ಕದಲ್ಲಿ ಹೊರಗಿನವರು ನಮ್ಮ ಯಂತ್ರವನ್ನು ಹುಡುಕಿಕೊಂಡು ಬರಲು ಖಾಯಂ ವಿಳಾಸ ಇರುವುದಿಲ್ಲ, ಸ್ಥಿರ ಐ.ಪಿ. ವಿಳಾಸಕ್ಕೆ ಪ್ರತ್ಯೇಕವಾಗಿ ಹಣ ಕಟ್ಟಬೇಕು. ನನ್ನ ತೋಟ ಮಲೆನಾಡಿನಲ್ಲಿ, ವಾಸ ಕೋಲಾರ ತಾಲ್ಲೂಕಿನ ವೇಮಗಲ್ಲಿನಲ್ಲಿ. ಆದ್ದರಿಂದ ಎರಡು ಕಡೆಯ ಅನುಭವವೂ ಉಂಟು: ಅಲ್ಲಿ ಮುಂಗಾರಿನ ಸಿಡಿಲು ಮತ್ತು ತಂತಿಯ ಮೇಲೆ ಬೀಳುವ ಮರದ ಕೊಂಬೆ, ಇಲ್ಲಿ ರಸ್ತೆ ಅಗೆಯುವ ಜೆ.ಸಿ.ಬಿ. ಕತ್ತರಿಸಿ ಹಾಕುವ ಕೇಬಲ್. ಎರಡು ಊರಿಗೂ ಸರ್ವರ್ ಯಂತ್ರ ಒಗ್ಗುವುದಿಲ್ಲ.

ಕೋಲಾರ ಜಿಲ್ಲೆಯವರಿಗೆ ಈ ಪಾಠ ಹೊಸದೇನೂ ಅಲ್ಲ. ಚಿನ್ನದ ಗಣಿಗಳಲ್ಲಿ ಮೊದಲು ಬಾಯ್ಲರು ಉರಿಸಿ ಹಬೆಯಿಂದ ಯಂತ್ರಗಳನ್ನು ನಡೆಸುತ್ತಿದ್ದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆ ಮೇಲೆ, 1905ರಲ್ಲಿ. ಶಕ್ತಿಯನ್ನು ಉತ್ಪಾದಿಸಲು ಎಲ್ಲಿ ಅನುಕೂಲವೋ ಅಲ್ಲಿ ಉತ್ಪಾದಿಸಿ, ಬೇಕಾದ ಕಡೆಗೆ ತಂತಿಯಲ್ಲಿ ತರುವುದು ಎಂಬ ಅದೇ ತತ್ತ್ವದ ಮೇಲೆ ಇಂದಿನ ಡೇಟಾ ಸೆಂಟರುಗಳು ನಿಂತಿವೆ. ಎರಡು ಕಡೆಯ ವಿದ್ಯುತ್, ಜನರೇಟರು, ತಂಪು ಮಾಡುವ ವ್ಯವಸ್ಥೆ, ಬೆಂಕಿ ಆರಿಸುವ ಸಾಧನ, ಕಾವಲು ಎಲ್ಲವೂ ಒಂದೆಡೆ ಇರುವ ಕಟ್ಟಡಗಳು ಅವು.

ಹಾಗೆಂದು ಎಲ್ಲವನ್ನೂ ಒಂದೆಡೆ ಸೇರಿಸುವುದರಲ್ಲಿ ಲಾಭ ಮಾತ್ರವೇ ಇದೆ ಎನ್ನುವಂತಿಲ್ಲ. ನಮ್ಮ 'ಭೂಮಿ' ಯೋಜನೆಯನ್ನೇ ನೋಡಿ. 2000ದ ಸುಮಾರಿಗೆ ಕಂದಾಯ ಇಲಾಖೆಯವರು ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ತಾಲ್ಲೂಕು ಕಚೇರಿಗೊಂದು ಸರ್ವರ್ ಇತ್ತು. ಮಾಲೂರಿನ ಯಂತ್ರ ಕೆಟ್ಟರೆ ಮಾಲೂರಿನವರಿಗೆ ಮಾತ್ರ ತೊಂದರೆ; ಆದರೆ ಮುಳಬಾಗಿಲಿನ ಪಹಣಿ ಬೇಕಾದವನು ಮುಳಬಾಗಿಲಿಗೇ ಹೋಗಬೇಕು. ಕಾಲಕ್ರಮದಲ್ಲಿ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಈಗ ಎಲ್ಲಿ ಕುಳಿತರೂ ಯಾವ ಊರಿನ ಪಹಣಿಯೂ ಸಿಗುತ್ತದೆ, ಮತ್ತು ಕೇಂದ್ರದಲ್ಲಿ ತೊಡಕಾದ ದಿನ ಎಲ್ಲ ಊರಿಗೂ ಒಟ್ಟಿಗೇ ತೊಡಕು. ಕಿಟಕಿಯಲ್ಲಿ ಕೇಳುವ "ಸರ್ವರ್ ಇಲ್ಲ" ಎಂಬ ಮಾತಿನ ಹಿಂದೆ ಇರುವ ಕಾರಣಗಳಲ್ಲಿ ಇದೂ ಒಂದು.

ವಠಾರದಿಂದ ಬಂಗಲೆಯವರೆಗೆ

ಬಾಡಿಗೆ ಜಾಗಗಳಲ್ಲಿ ಮೊದಲನೆಯದು ಷೇರ್ಡ್ ಹೋಸ್ಟಿಂಗ್. ಇದನ್ನು ಹಳೆಯ ಬೆಂಗಳೂರಿನ ವಠಾರವೆಂದು ತಿಳಿದರೆ ತಪ್ಪಾಗದು. ಒಂದೇ ಯಂತ್ರದಲ್ಲಿ ನೂರಾರು ಜಾಲತಾಣಗಳು. ಅಂಗಳ ಒಂದೇ, ನಲ್ಲಿ ಒಂದೇ, ಗೇಟು ಒಂದೇ. ಬಾಡಿಗೆ ಬಹಳ ಕಡಿಮೆ. ದುರಸ್ತಿ, ಸುಣ್ಣಬಣ್ಣ ಎಲ್ಲ ಮಾಲೀಕರದು. ಅಂದರೆ ಯಂತ್ರದ ತಂತ್ರಾಂಶಗಳನ್ನು ಕಾಲಕಾಲಕ್ಕೆ ಹೊಸದು ಮಾಡುವ ಕೆಲಸ ನಮ್ಮ ತಲೆಗೆ ಬರುವುದಿಲ್ಲ. ತೊಂದರೆ ಎಂದರೆ ನೆರೆಹೊರೆ. ಪಕ್ಕದವರ ಮನೆಯಲ್ಲಿ ಮದುವೆಯಾದರೆ ನಲ್ಲಿಯಲ್ಲಿ ನಮಗೆ ನೀರಿಲ್ಲ. ಪಕ್ಕದವನು ಮೋಸದ ಇ-ಮೇಲುಗಳನ್ನು ಕಳುಹಿಸಿ ಆ ಯಂತ್ರದ ವಿಳಾಸ ಕಪ್ಪು ಪಟ್ಟಿಗೆ ಸೇರಿದರೆ, ನಮ್ಮ ಸಂಘದ ಮಹಾಸಭೆಯ ನೋಟೀಸೂ ಸದಸ್ಯರ ಕಸದ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಕಾಫಿ ಮಂಡಳಿಯ ಪೂಲ್ ಇದ್ದ ಕಾಲವನ್ನು, ಅಂದರೆ 1996ಕ್ಕೆ ಮೊದಲಿನ ದಿನಗಳನ್ನು ಕಂಡ ಬೆಳೆಗಾರರಿಗೆ ಎಲ್ಲರದನ್ನೂ ಕೂಡಿಸಿ ನಡೆಸುವುದರ ನೆಮ್ಮದಿಯನ್ನೂ ಕಿರಿಕಿರಿಯನ್ನೂ ವಿವರಿಸಬೇಕಾಗಿಲ್ಲ.

ಈ ವರ್ಗದ ಜಾಹೀರಾತುಗಳಲ್ಲಿ "ಅನ್‌ಲಿಮಿಟೆಡ್" ಎಂಬ ಪದ ಧಾರಾಳವಾಗಿ ಕಾಣುತ್ತದೆ. ಹೋಟೆಲಿನ ಅನ್‌ಲಿಮಿಟೆಡ್ ಊಟದಂತೆ ಇದು. ಎಲೆಯ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಬಡಿಸುವವನು ಮಾತ್ರ ಮೂರನೆಯ ಸಲ ನಮ್ಮ ಕಡೆ ತಿರುಗುವುದಿಲ್ಲ. ಕರಾರಿನ ಸಣ್ಣ ಅಕ್ಷರದಲ್ಲಿ ಕಡತಗಳ ಸಂಖ್ಯೆಗೆ, ಯಂತ್ರದ ಶಕ್ತಿಯ ಬಳಕೆಗೆ ಮಿತಿ ಇದ್ದೇ ಇರುತ್ತದೆ. ಇನ್ನೊಂದು ಮಾತು: ಮೊದಲ ವರ್ಷದ ದರ ಬೇರೆ, ನವೀಕರಣದ ದರ ಬೇರೆ. ಎರಡನೆಯದು ಮೊದಲನೆಯದರ ಎರಡು ಮೂರು ಪಟ್ಟು ಇರುವುದೂ ಉಂಟು. ದರಪಟ್ಟಿಗಳನ್ನು ಹೋಲಿಸುವಾಗ ನವೀಕರಣದ ದರವನ್ನು, ಅದರ ಮೇಲೆ ಶೇ. 18ರ ಜಿ.ಎಸ್.ಟಿ.ಯನ್ನು ಹಾಕಿ ಮೂರು ವರ್ಷದ ಮೊತ್ತವನ್ನು ಎದುರುಬದುರಿಗೆ ಇಟ್ಟು ನೋಡಬೇಕು.

ಎರಡನೆಯದು ವಿ.ಪಿ.ಎಸ್. ಒಂದೇ ದೊಡ್ಡ ಯಂತ್ರವನ್ನು ತಂತ್ರಾಂಶದ ಗೋಡೆಗಳಿಂದ ಪಾಲು ಮಾಡಿ, ಪ್ರತಿ ಪಾಲಿಗೂ ಪ್ರತ್ಯೇಕ ಮೀಟರು, ಪ್ರತ್ಯೇಕ ನೀರಿನ ತೊಟ್ಟಿ, ಪ್ರತ್ಯೇಕ ಬೀಗ ಕೊಟ್ಟಂತೆ. ನಮಗೆ 2 ಜಿ.ಬಿ. ಸ್ಮರಣಶಕ್ತಿ ಎಂದರೆ ಅದು ನಮಗೇ ಮೀಸಲು. ಆದರೆ ಇಲ್ಲೊಂದು ಸಂಗತಿಯನ್ನು ಮಾರುವವರು ಬೇಗ ಬೇಗ ಹೇಳಿ ದಾಟಿಬಿಡುತ್ತಾರೆ. ವಿ.ಪಿ.ಎಸ್.ನಲ್ಲಿ 'ಮ್ಯಾನೇಜ್ಡ್' ಎಂದೂ 'ಅನ್‌ಮ್ಯಾನೇಜ್ಡ್' ಎಂದೂ ಎರಡು ಬಗೆ. ಎರಡನೆಯದು ಅಗ್ಗ, ಅದನ್ನು ಕೊಂಡ ದಿನದಿಂದ ಬೀಗ, ಕಿಟಕಿ, ಸೂರು ಎಲ್ಲದರ ಜವಾಬ್ದಾರಿಯೂ ನಮ್ಮದೇ. ಮೇಸ್ತ್ರಿ ಇಲ್ಲದ ತೋಟವನ್ನು ಕೊಂಡಂತೆ. ಹೊಸ ತಂತ್ರಾಂಶ ಹಾಕದೆ ನಾಲ್ಕಾರು ತಿಂಗಳು ಬಿಟ್ಟರೆ ಕಳ್ಳರು ಒಳಗೆ ಸೇರಿಕೊಂಡು, ನಮ್ಮ ಹೆಸರಿನಲ್ಲೇ ಅವರ ವ್ಯಾಪಾರ ನಡೆಸುತ್ತಾರೆ. ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರೆ ಎದ್ದು ನೋಡುವ ತಿಳಿದವರು ಯಾರೂ ಇಲ್ಲದ ಸಂಘ ಅನ್‌ಮ್ಯಾನೇಜ್ಡ್ ವಿ.ಪಿ.ಎಸ್. ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥದ್ದಕ್ಕಿಂತ ಒಳ್ಳೆಯ ವಠಾರವೇ ವಾಸಿ.

ಡೆಡಿಕೇಟೆಡ್ ಎಂದರೆ ಇಡೀ ಯಂತ್ರವೇ ನಮ್ಮ ಗುತ್ತಿಗೆಗೆ. ಕೊಲೊಕೇಷನ್ ಎಂದರೆ ನಮ್ಮ ಸ್ವಂತ ಯಂತ್ರವನ್ನು ಅವರ ಕಟ್ಟಡದಲ್ಲಿ ಇರಿಸಿ ಜಾಗಕ್ಕೆ, ವಿದ್ಯುತ್ತಿಗೆ ಬಾಡಿಗೆ ಕೊಡುವುದು. ಎರಡೂ ನಮ್ಮ ಅಳತೆಯವಲ್ಲ.

ಕ್ಲೌಡ್ ಎಂಬುದು ಮೋಡವಲ್ಲ. ಬಹಳ ಯಂತ್ರಗಳನ್ನು ಒಟ್ಟುಗೂಡಿಸಿ, ಬಳಸಿದಷ್ಟಕ್ಕೆ ಮೀಟರ್ ಲೆಕ್ಕದಲ್ಲಿ ಕೊಡುವ ಪದ್ಧತಿ. ಗಂಟೆ ಲೆಕ್ಕದಲ್ಲಿ ಟ್ರಾಕ್ಟರ್ ತರಿಸಿದಂತೆ. ಅಮೆಜಾನ್ ಕಂಪನಿಯು 2016ರಲ್ಲಿ ಮುಂಬಯಿಯಲ್ಲಿಯೇ ಈ ಬಗೆಯ ಕೇಂದ್ರ ತೆರೆಯಿತು. ಉಳಿದ ದೊಡ್ಡ ಕಂಪನಿಗಳೂ ಭಾರತದಲ್ಲಿ ಕೇಂದ್ರಗಳನ್ನು ಇಟ್ಟಿವೆ. ಜನ ಒಮ್ಮೆಲೇ ನುಗ್ಗಿದ ದಿನ ಹೆಚ್ಚು ಯಂತ್ರ, ಮಾರನೆಯ ದಿನ ಕಡಿಮೆ. ಇದು ಇದರ ದೊಡ್ಡ ಗುಣ. ದೋಷವೂ ಅದರಲ್ಲೇ ಇದೆ: ಮೀಟರ್ ಓಡುತ್ತಿರುವುದು ಗಮನಕ್ಕೆ ಬಾರದೆ ಇದ್ದರೆ ತಿಂಗಳ ಕೊನೆಯ ಬಿಲ್ಲು ಆಶ್ಚರ್ಯ ತರುತ್ತದೆ. ವರ್ಷಕ್ಕೆ ಇಷ್ಟೇ ಎಂದು ಆಯವ್ಯಯದಲ್ಲಿ ಮಂಜೂರು ಮಾಡಿಸಿಕೊಂಡ ಸಂಘಕ್ಕೆ, ಏರಿಳಿಯುವ ಬಿಲ್ಲನ್ನು ಲೆಕ್ಕ ಪರಿಶೋಧಕರ ಮುಂದೆ ಇಡುವುದು ಇರಿಸುಮುರಿಸೇ. ಇಂತಿಷ್ಟು ದಾಟಿದರೆ ತಿಳಿಸಬೇಕು ಎಂಬ ಎಚ್ಚರಿಕೆಯನ್ನು ಮೊದಲ ದಿನವೇ ಹಾಕಿಸಿಕೊಳ್ಳಬೇಕು.

ಯಂತ್ರ ಎಷ್ಟು ದೊಡ್ಡದಾದರೂ ಬಾಗಿಲಲ್ಲಿ ನೂಕುನುಗ್ಗಲಾದರೆ ಒಳಗಿನವರು ಏನೂ ಮಾಡಲಾಗದು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ನೋಂದಣಿ ಇಲಾಖೆಯ 'ಕಾವೇರಿ 2.0' ತಂತ್ರಾಂಶದ ಮೇಲೆ ದುರುದ್ದೇಶದಿಂದ ಸುಳ್ಳು ಬೇಡಿಕೆಗಳ ಸುರಿಮಳೆಯಾಗಿ, ಆಸ್ತಿ ನೋಂದಣಿಗೆ ಬಂದವರು ಪರದಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಸಣ್ಣ ತಾಣಗಳಿಗೂ ಇಂಥ ಕಾಟ ತಪ್ಪಿದ್ದಲ್ಲ. ತಡೆಯುವ ವ್ಯವಸ್ಥೆ ಬಾಡಿಗೆಯಲ್ಲೇ ಸೇರಿದೆಯೇ ಎಂದು ಕೇಳಿಕೊಳ್ಳಬೇಕು.

ನಮ್ಮ ಅಗತ್ಯ ಎಷ್ಟು?

ಇದನ್ನು ತಿಳಿಯದೆ ಮೇಲಿನ ಯಾವುದನ್ನೂ ಆರಿಸಲಾಗದು. ಉದಾಹರಣೆಗೆ 1,500 ಸದಸ್ಯರ ಒಂದು ಸಂಘವನ್ನು ತೆಗೆದುಕೊಳ್ಳೋಣ. ದಿನಕ್ಕೆ 300 ಸಲ ಪುಟ ತೆರೆಯುತ್ತಾರೆ, ಪುಟದ ತೂಕ ಒಂದೂವರೆ ಎಂ.ಬಿ. ಎಂದರೆ ದಿನಕ್ಕೆ 450 ಎಂ.ಬಿ., ತಿಂಗಳಿಗೆ 13.5 ಜಿ.ಬಿ. ಲಾಭಾಂಶ ಪ್ರಕಟವಾದ ದಿನ ಒಂದೇ ಗಂಟೆಯಲ್ಲಿ 900 ಜನ ನೋಡಿದರೂ ನಾಲ್ಕು ಸೆಕೆಂಡಿಗೆ ಒಬ್ಬರು ಎಂದಾಯಿತು. ಅಗ್ಗದ ವಠಾರದ ಮನೆಗೂ ಇದು ಭಾರವಲ್ಲ. ಆದರೆ ಅದೇ ಪುಟದ ಮೇಲೆ ಮೊಬೈಲಿನಿಂದ ನೇರವಾಗಿ ತೆಗೆದ, ತಲಾ 5 ಎಂ.ಬಿ. ತೂಕದ ನಾಲ್ಕು ಸನ್ಮಾನದ ಫೋಟೋ ಏರಿಸಿದರೆ? ಪುಟ 20 ಎಂ.ಬಿ. ದಾಟಿತು, ತಿಂಗಳಿಗೆ 180 ಜಿ.ಬಿ. ಆಯಿತು. ತೋಟದಲ್ಲಿ ಸಿಗ್ನಲ್ ಒಂದು ಗೆರೆ ಇರುವ ಸದಸ್ಯನಿಗೆ ಆ ಪುಟ ತೆರೆಯುವುದೇ ಇಲ್ಲ. ಆಗ "ಸರ್ವರ್ ನಿಧಾನ, ದೊಡ್ಡ ಸರ್ವರ್ ತೆಗೆದುಕೊಳ್ಳಿ" ಎಂಬ ಸಲಹೆ ಬರುತ್ತದೆ. ಬೇಕಾಗಿರುವುದು ದೊಡ್ಡ ಸರ್ವರ್ ಅಲ್ಲ, ಫೋಟೋ ಚಿಕ್ಕದು ಮಾಡುವ ತಾಳ್ಮೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಪುಟಗಳಲ್ಲಿ ಎರಡು ಜಾತಿ. ಅಚ್ಚು ಹಾಕಿಟ್ಟ ಹಾಳೆಯಂತೆ, ಕೇಳಿದವರಿಗೆಲ್ಲ ಅದನ್ನೇ ಕೊಡುವುದು ಒಂದು, ಇದು ಸ್ಟ್ಯಾಟಿಕ್. ಕೇಳಿದಾಗಲೆಲ್ಲ ಗುಮಾಸ್ತ ಕಡತ ತೆಗೆದು ಆಗಲೇ ಬರೆದುಕೊಡುವಂಥದ್ದು ಇನ್ನೊಂದು. ಸುತ್ತೋಲೆ, ದಿನದ ಧಾರಣೆ, ಕೊಳೆರೋಗದ ಸಿಂಪರಣೆಯ ಸೂಚನೆ, ಉಪನಿಯಮಗಳು, ಅರ್ಜಿ ನಮೂನೆ ಇವೆಲ್ಲ ಮೊದಲ ಜಾತಿಗೆ ಸೇರಿದವು. ಒಳಗೆ ಗುಮಾಸ್ತನೇ ಇಲ್ಲದ ಕಾರಣ ಅವನನ್ನು ಮೋಸಗೊಳಿಸುವ ದಾರಿ ಕಳ್ಳನಿಗೂ ಇಲ್ಲ. ಬಾಡಿಗೆ ಅತ್ಯಲ್ಪ. ಧಾರಣೆಯನ್ನು ದಿನಕ್ಕೊಮ್ಮೆ ಬದಲಿಸುವುದು ಕಚೇರಿಯ ಸಹಾಯಕರಿಂದಲೂ ಸಾಧ್ಯ. ನಮ್ಮ ಸಂಘದ ಅಗತ್ಯದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಇಷ್ಟೇ.

ಉಳಿದ ಒಂದು ಪಾಲು ಸದಸ್ಯರ ಖಾತೆ, ಪಾವತಿ, ಆಧಾರ್ ಮತ್ತು ಫೋನ್ ಸಂಖ್ಯೆ. ಇವನ್ನು ಸುತ್ತೋಲೆಗಳ ಜೊತೆ ಅದೇ ವಠಾರದ ಮನೆಯಲ್ಲಿ ಇಡಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂಥ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು ಸಂಗ್ರಹಿಸಿದವರ ಮೇಲೆಯೇ ಹೊರಿಸಿದೆ, ದಂಡವನ್ನೂ ಭಾರಿಯಾಗಿ ಇಟ್ಟಿದೆ. ಖಾತೆಯ ಕೆಲಸಕ್ಕೆ ಅದಕ್ಕೆಂದೇ ಇರುವ ತಂತ್ರಾಂಶ ಬೇರೆ ಇರಲಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕೇಂದ್ರ ಸರಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಗಣಕೀಕರಣ ಯೋಜನೆಗೆ ಒಪ್ಪಿಗೆ ಕೊಟ್ಟು, 63,000 ಸಂಘಗಳಿಗೆ ಒಂದೇ ಸಾಮಾನ್ಯ ತಂತ್ರಾಂಶ ಎಂದು ಹೊರಟದ್ದು ಈ ದೃಷ್ಟಿಯಿಂದಲೇ. ಪ್ರತಿ ಸಂಘವೂ ತನ್ನದೇ ಬೀಗ ತಯಾರಿಸಿಕೊಳ್ಳುವುದು ಸಾಧ್ಯವಿಲ್ಲ.

ಹೆಸರು ಮತ್ತು ನಕಲು

ಈ ಎರಡರಲ್ಲಿ ಎಚ್ಚರ ತಪ್ಪಿದರೆ ಹೋಸ್ಟಿಂಗ್ ಯಾವುದಿದ್ದರೂ ಪ್ರಯೋಜನವಿಲ್ಲ.

ನನಗೆ ಪರಿಚಯದ ಒಂದು ಸಂಘವಿದೆ, ಹೆಸರು ಬೇಡ. ಜಾಲತಾಣ ಮಾಡಿಕೊಟ್ಟ ಹುಡುಗ ಡೊಮೈನ್ ಹೆಸರನ್ನು ತನ್ನದೇ ಹೆಸರಿನಲ್ಲಿ, ತನ್ನದೇ ಇ-ಮೇಲ್‌ಗೆ ನೋಂದಾಯಿಸಿದ್ದ. ಕೆಟ್ಟ ಉದ್ದೇಶವೇನೂ ಇರಲಿಲ್ಲ; ಅವಸರದಲ್ಲಿ ಹಾಗೆ ಮಾಡಿದ್ದ. ಎರಡು ವರ್ಷದ ನಂತರ ಕೆಲಸ ಸಿಕ್ಕಿ ಊರು ಬಿಟ್ಟ, ನವೀಕರಣದ ಜ್ಞಾಪನ ಪತ್ರಗಳು ಅವನು ನೋಡದ ಪೆಟ್ಟಿಗೆಗೆ ಹೋದವು, ಅವಧಿ ಮುಗಿಯಿತು. ಯಾರೋ ಅಪರಿಚಿತರು ಆ ಹೆಸರನ್ನು ಕೊಂಡು ಅದರಲ್ಲಿ ಜೂಜಿನ ಜಾಹೀರಾತು ಹಾಕಿದರು. ಸಂಘದ ಲೆಟರ್‌ಹೆಡ್ಡು, ರಸೀದಿ, ಗೋಣಿಚೀಲಗಳ ಮೇಲೆಲ್ಲ ಅಚ್ಚಾಗಿದ್ದ ವಿಳಾಸ ಅದು. ಹೊಸ ಹೆಸರು ಹಾಕಿಸಿ ಚೀಲ ಮುದ್ರಿಸಲು ತಗುಲಿದ ಖರ್ಚು ಹತ್ತು ವರ್ಷದ ಹೋಸ್ಟಿಂಗ್ ಬಾಡಿಗೆಗಿಂತ ಹೆಚ್ಚು.

ಆದಕಾರಣ ಹೆಸರು ಸಂಘದ ಹೆಸರಿನಲ್ಲೇ, ಕಾರ್ಯದರ್ಶಿ ಬದಲಾದರೂ ಬದಲಾಗದ ಸಂಘದ ಇ-ಮೇಲ್ ಮತ್ತು ಫೋನಿಗೆ ನೋಂದಣಿಯಾಗಬೇಕು. ಗುಪ್ತಪದ ಬರೆದ ಲಕೋಟೆ ಕಬ್ಬಿಣದ ಪೆಟ್ಟಿಗೆಯಲ್ಲಿರಬೇಕು, ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಇರಬೇಕು. ಡಾಟ್ ಇನ್ ಹೆಸರು ನಮಗೆ ಸಾಕು. ಸಹಕಾರಿಗಳಿಗೆಂದೇ ಮೀಸಲಾದ ಡಾಟ್ ಕೋಆಪ್ ಎಂಬುದೂ ಇದೆ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಹೆಸರೂ ದೊರೆಯುತ್ತದೆ. ಇನ್ನು ಪುಕ್ಕಟೆ ಹೋಸ್ಟಿಂಗ್ ಕೊಡುವವರ ಹೆಸರಿಗೆ ಬಾಲದಂತೆ ನಮ್ಮ ಹೆಸರು ಸೇರಿಸಿಕೊಳ್ಳುವ ವ್ಯವಸ್ಥೆ ಬೇಡವೇ ಬೇಡ. ಒಂದು ಕಾಲಕ್ಕೆ ಜಗತ್ತಿನ ಲಕ್ಷಾಂತರ ಜನ ಜಿಯೋಸಿಟೀಸ್ ಎಂಬಲ್ಲಿ ಪುಕ್ಕಟೆ ಮನೆ ಮಾಡಿದ್ದರು. 2009ರಲ್ಲಿ ಮಾಲೀಕರಾದ ಯಾಹೂ ಕಂಪನಿ ಅದನ್ನು ಮುಚ್ಚಿದಾಗ ಬೇರೆ ಕಡೆ ನಕಲು ಇಟ್ಟುಕೊಳ್ಳದವರ ಪುಟಗಳು ಕೈತಪ್ಪಿದವು.

ನಕಲಿನ ವಿಷಯಕ್ಕೆ ಬಂದರೆ, ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ 2021ರ ಮಾರ್ಚ್ 10ರಂದು ನಡೆದದ್ದನ್ನು ನೆನೆಯಬೇಕು. ಅಲ್ಲಿ ಓ.ವಿ.ಎಚ್. ಎಂಬ ದೊಡ್ಡ ಹೋಸ್ಟಿಂಗ್ ಕಂಪನಿಯ ಐದು ಅಂತಸ್ತಿನ ಡೇಟಾ ಸೆಂಟರ್ ಒಂದು ರಾತ್ರಿಯಲ್ಲಿ ಸುಟ್ಟುಹೋಯಿತು. ಲಕ್ಷಾಂತರ ಜಾಲತಾಣಗಳು ನಿಂತವು. ನಕಲು ಬೇರೆ ಊರಿನಲ್ಲಿದ್ದವರು ಕೆಲವೇ ದಿನಗಳಲ್ಲಿ ಎದ್ದು ನಿಂತರು. ನಕಲೂ ಅದೇ ಆವರಣದಲ್ಲಿ ಇದ್ದವರಲ್ಲಿ ಹಲವರು ಎರಡನ್ನೂ ಕಳೆದುಕೊಂಡರು. ಅಡಿಕೆಯನ್ನೂ ವಿಮೆಯ ಕಾಗದವನ್ನೂ ಒಂದೇ ಗೋದಾಮಿನಲ್ಲಿ ಇಟ್ಟ ಹಾಗಾಯಿತು. ನಮ್ಮ ದೇಶದಲ್ಲೂ 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಸಿ-ಎಡ್ಜ್ ಎಂಬ ಸಂಸ್ಥೆಯ ವ್ಯವಸ್ಥೆಗೆ ಒತ್ತೆಹಣ ಕೇಳುವ ಕಳ್ಳ ತಂತ್ರಾಂಶ ನುಗ್ಗಿ, ಅದನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೂ ಸೇರಿ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾಯಿತು. ಮಾರನೆಯ ದಿನ ಸಂಪರ್ಕ ಮರಳಿತೆಂಬುದು ನಿಜ. ಆದರೂ ಒಂದು ಕಡೆಯ ಬಿರುಕು 300 ಕಡೆ ಕಾಣಿಸಿತಲ್ಲ!

ವಾರಕ್ಕೊಮ್ಮೆ ಜಾಲತಾಣದ ಪೂರ್ತಿ ನಕಲನ್ನು ಇಳಿಸಿಕೊಂಡು, ಒಂದನ್ನು ಕಚೇರಿಯ ಕಂಪ್ಯೂಟರಿನಲ್ಲಿ, ಇನ್ನೊಂದನ್ನು ತೆಗೆದಿಡಬಹುದಾದ ಹಾರ್ಡ್ ಡಿಸ್ಕಿನಲ್ಲಿ ಬೇರೆ ಕಟ್ಟಡದಲ್ಲಿ ಇಡುವುದು ಸಾಕು. ಮೂರು ತಿಂಗಳಿಗೊಮ್ಮೆ ಆ ನಕಲಿನಿಂದ ನಿಜಕ್ಕೂ ಪುಟಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸಬೇಕು. ತೆರೆದು ನೋಡದ ನಕಲು, ಮೊಳಕೆ ಪರೀಕ್ಷೆ ಮಾಡದ ಬೀಜ.

ದರಪಟ್ಟಿ ಕರೆಯುವಾಗ ಕೇಳಬೇಕಾದ ಇನ್ನು ಕೆಲವು ಮಾತುಗಳು. ಶೇ. 99.9ರಷ್ಟು ಸಮಯ ಚಾಲೂ ಇರುತ್ತದೆ ಎಂಬ ಭರವಸೆ ಎಂದರೆ ತಿಂಗಳಿಗೆ 43 ನಿಮಿಷ ನಿಲ್ಲಬಹುದು, ಶೇ. 99 ಎಂದರೆ 7 ಗಂಟೆ 12 ನಿಮಿಷ. ನೋಡಲು ಹತ್ತಿರದ ಅಂಕಿಗಳು, ವ್ಯತ್ಯಾಸ ಇಷ್ಟು. ಭರವಸೆ ತಪ್ಪಿದರೆ ಬಾಡಿಗೆಯಲ್ಲಿ ಎಷ್ಟು ವಜಾ ಎಂಬುದು ಕರಾರಿನಲ್ಲಿ ಇರಲಿ. ದೂರು ಕೊಟ್ಟರೆ ಫೋನಿನಲ್ಲಿ ಮನುಷ್ಯ ಸಿಗುತ್ತಾನೆಯೇ, ಭಾನುವಾರವೂ ಸಿಗುತ್ತಾನೆಯೇ? ನಾವು ಬಿಟ್ಟು ಹೋಗುವುದಾದರೆ ನಮ್ಮ ಕಡತಗಳನ್ನೆಲ್ಲ ಬೇರೆ ಕಡೆ ಬಳಸಬಹುದಾದ ರೂಪದಲ್ಲಿ ಕೊಡುತ್ತಾರೆಯೇ? ಕೆಲವು ಸಿದ್ಧ ಜಾಲತಾಣಗಳ ವ್ಯವಸ್ಥೆಯಲ್ಲಿ ಪುಟಗಳು ಅವರ ಮನೆಯಲ್ಲಿ ಮಾತ್ರ ನಿಲ್ಲುತ್ತವೆ, ಹೊರಗೆ ತಂದರೆ ನಿಲ್ಲುವುದಿಲ್ಲ.

ನನ್ನ ಸಲಹೆಯನ್ನು ಆಡಳಿತ ಮಂಡಳಿಯ ಮುಂದೆ ಹೀಗೆ ಇಟ್ಟಿದ್ದೇನೆ: ಸುತ್ತೋಲೆ ಮತ್ತು ಧಾರಣೆಗೆ ಸ್ಟ್ಯಾಟಿಕ್ ಪುಟಗಳು, ಅವಕ್ಕೆ ಭಾರತದಲ್ಲೇ ಯಂತ್ರವಿರುವ ಒಳ್ಳೆಯ ಷೇರ್ಡ್ ಹೋಸ್ಟಿಂಗ್, ಇ-ಮೇಲ್ ಸೇವೆ ಬೇರೆ ಕಡೆ, ನೆರೆಯವರ ಕಪ್ಪು ಮಸಿ ನಮಗೆ ತಾಗದಂತೆ, ಸದಸ್ಯರ ಖಾತೆ ಇದರಲ್ಲಿ ಇಲ್ಲ. ಮುಂದೆ ಅಡಿಕೆ ಮತ್ತು ಕಾಫಿ ಪುಡಿಯನ್ನು ಗ್ರಾಹಕರಿಗೆ ನೇರವಾಗಿ ಮಾರುವ ವ್ಯವಸ್ಥೆ ಮಾಡಿದರೆ ಆಗ ಮ್ಯಾನೇಜ್ಡ್ ವಿ.ಪಿ.ಎಸ್. ಅಥವಾ ಕ್ಲೌಡ್ ಕುರಿತು ಯೋಚಿಸಬಹುದು. ಒಮ್ಮೆ ಆರಿಸಿದ ಮನೆಯಲ್ಲೇ ಕೊನೆಯವರೆಗೂ ಇರಬೇಕೆಂಬ ಕಟ್ಟುಪಾಡೇನೂ ಇಲ್ಲ. ಮನೆ ಬದಲಿಸುವಾಗ ಹಳೆಯದನ್ನು ಒಂದು ತಿಂಗಳು ಉಳಿಸಿಕೊಂಡು, ಹೊಸದರಲ್ಲಿ ಎಲ್ಲವೂ ಸರಿ ಇದೆಯೆಂದು ನೋಡಿದ ಮೇಲೆ ಹೆಸರನ್ನು ಹೊಸ ವಿಳಾಸಕ್ಕೆ ತಿರುಗಿಸಬೇಕು. ತಿರುಗಿಸಿದ ಬದಲಾವಣೆ ಎಲ್ಲ ಕಡೆ ಹರಡಲು ಒಂದೆರಡು ದಿನ ಹಿಡಿಯಬಹುದು. ಆದ್ದರಿಂದ ಈ ಕೆಲಸವನ್ನು ಮಹಾಸಭೆಯ ನೋಟೀಸು ಹೊರಡುವ ತಿಂಗಳಲ್ಲಾಗಲಿ, ಕೊಯ್ಲಿನ ಕಾಲದಲ್ಲಾಗಲಿ ಇಟ್ಟುಕೊಳ್ಳುವುದು ಬೇಡ.